ಸೈಕಲ್ ಮೇಲೆ ಕೂತು ನೋಡಿದ ಮಣ್ಣುರಸ್ತೆ

ನನ್ನ ತಂಗಿಯ ಮಗ ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾನೆ. ಕಳೆದ ಮಹಾನವಮಿಗೆ ಊರಿಗೆ ಬರುವಾಗ ಕಾರಿನ ಹಿಂದೆ ಒಂದು ಸೈಕಲ್ ಕಟ್ಟಿಕೊಂಡು ಬಂದ. ಹ್ಯಾಂಡಲ್ ಟಗರಿನ ಕೋಡಿನ ಹಾಗೆ ಕೆಳಗೆ ಬಾಗಿತ್ತು. ಬೆಲೆ ಕೇಳಿದೆ, ಹೇಳಿದ. ಆ ದುಡ್ಡಿಗೆ ನಮ್ಮ ಕಡೆ ಒಂದು ಜೋಡಿ ಎತ್ತು ಬರುತ್ತವೆ. ಗರಸಿನ ದಾರಿ, ಕಾಡಿನ ಮಣ್ಣುದಾರಿಯಲ್ಲಿ ಓಡಿಸಲಿಕ್ಕೆಂದೇ ಮಾಡಿದ್ದಂತೆ. ಗ್ರಾವೆಲ್ ಬೈಕ್ ಅನ್ನುತ್ತಾರಂತೆ.

"ನಾ ನಲವತ್ತು ವರ್ಷದಿಂದ ಗರಸಿನ ಮ್ಯಾಲೇ ಓಡಿಸ್ತೇನಲ್ಲೋ" ಅಂದೆ.

ಸುಮ್ಮನೆ ಹೇಳಿದ್ದಲ್ಲ. ನನ್ನ ಕರೀ ಸೈಕಲ್ಲಿನ ಟೈರು ಒಂದೂವರೆ ಇಂಚು ಅಗಲ. ಅಂದರೆ 38 ಮಿಲಿಮೀಟರ್. ಅವನ ಟೈರಿನ ಮೇಲೆ 40 ಅಂತ ಬರೆದಿತ್ತು! ಗಾಳಿ ಕಮ್ಮಿ ಇರಬೇಕು, ಕಲ್ಲು ಸಿಕ್ಕರೆ ಟೈರು ಒಂಚೂರು ತಗ್ಗಿ ಏಳಬೇಕು ಅಂತ ಹೇಳಿದ. ನಮ್ಮ ಅಪ್ಪ ಹಿಟ್ಟಿನ ಚೀಲ ಹೇರಿಕೊಂಡು ಗಿರಣಿಯಿಂದ ಬರುವಾಗ ಅದನ್ನೇ ಹೇಳುತ್ತಿದ್ದ. ಆದರೆ ಗೇರು, ಬ್ರೇಕು, ತೂಕದಲ್ಲಿ ಅವನದು ಬೇರೆಯೇ. ನನ್ನದರ ಅರ್ಧ ಭಾರವೂ ಇಲ್ಲ.

ಗೋವಿನಜೋಳ ಮುರಿಯಲಿಕ್ಕೆ ಇನ್ನೂ ಹದಿನೈದು ದಿನ ಇತ್ತು. "ಬರ್ರಿ ಮಾಮಾ, ಬೇಡ್ತಿ ಕೊಳ್ಳದಾಗ ಎರಡು ದಿನ ತಿರುಗಾಡಿ ಬರೂಣು" ಅಂದ. ನನ್ನ ಸೈಕಲ್ ಕಾರಿನ ಮೇಲೆ ಹಗ್ಗದಿಂದ ಬಿಗಿದು ಶಿರಸಿಗೆ ಹೋದೆವು. ಈ ವಯಸ್ಸಿಗೆ ಇದೆಲ್ಲ ಬೇಕಾ ಅಂತ ಮನೆಯಾಕೆ ಅಂದದ್ದು ನಿಜ. ಎರಡನೇ ದಿನ ಮೊಣಕಾಲು ಅದನ್ನೇ ಕೇಳಿತು.

ಶಿರಸಿಯಿಂದ ಯಲ್ಲಾಪುರದ ಕಡೆ, ದೊಡ್ಡ ರಸ್ತೆ ಬಿಟ್ಟು ಕೇರಿಯಿಂದ ಕೇರಿಗೆ ಹೋಗುವ ಮಣ್ಣುರಸ್ತೆಗಳನ್ನೇ ಹಿಡಿದೆವು. ಸಹಸ್ರಲಿಂಗದಲ್ಲಿ ಶಾಲ್ಮಲೆಗೆ ಇಳಿದು ಕಾಲು ತೊಳೆದುಕೊಂಡೆವು. ಏರು ಬಂದಲ್ಲಿ ಅವನು ಗೇರು ಇಳಿಸಿ ಕೂತೇ ಹತ್ತುತ್ತಿದ್ದ, ನಾನು ಇಳಿದು ನೂಕುತ್ತಿದ್ದೆ. ನೂಕುತ್ತ ಹೋದದ್ದೇ ಒಳ್ಳೆಯದಾಯಿತು. ಜೀಪಿನಲ್ಲಿ ಹೋದವನಿಗೆ ರಸ್ತೆ ಕಾಣುವುದಿಲ್ಲ, ಊರು ಕಾಣುತ್ತದೆ. ಸೈಕಲ್ ನೂಕುವವನಿಗೆ ರಸ್ತೆಯ ಪ್ರತಿ ಅಡಿಯೂ ಕಾಣುತ್ತದೆ.

ಮೊದಲ ದಿನ ಸಂಜೆ ನಾಲ್ಕಕ್ಕೆ ಗುಡುಗಿ ಮಳೆ ಬಂತು. ರಸ್ತೆ ಬದಿಯ ಒಬ್ಬ ಅಡಿಕೆ ಬೆಳೆಗಾರರ ಮನೆ ಜಗಲಿಗೆ ಓಡಿದೆವು. "ಬನ್ನಿ ಬನ್ನಿ, ಆಸರಿಗೆ ಏನು ಕುಡೀತೀರಿ?" ಅಂದರು. ಮಳೆ ಮುಕ್ಕಾಲು ತಾಸು ಹೊಡೆಯಿತು. ನಾನು ಚಹಾ ಕುಡಿಯುತ್ತ ರಸ್ತೆಯನ್ನೇ ನೋಡುತ್ತಿದ್ದೆ. ಇಳಿಜಾರಿನ ಕೆಂಪು ಮಣ್ಣಿನ ರಸ್ತೆ. ನಮ್ಮೂರಲ್ಲಾಗಿದ್ದರೆ ಇಷ್ಟು ಮಳೆಗೆ ಹಳ್ಳವಾಗಿ ಹರಿಯುತ್ತಿತ್ತು. ಇಲ್ಲಿ ನೀರು ರಸ್ತೆಯ ನಡುವೆ ನಿಲ್ಲಲೇ ಇಲ್ಲ. ನಡುವೆ ಎತ್ತರ, ಎರಡೂ ಕಡೆ ಇಳಿಜಾರು. ಧರೆಯ ಬದಿಗೆ ಚರಂಡಿ. ಮೂವತ್ತು ನಲವತ್ತು ಮಾರಿಗೊಂದು ಕಡೆ ರಸ್ತೆಗೆ ಓರೆಯಾಗಿ ಮಣ್ಣಿನ ತಗ್ಗು ದಿಂಡು. ಅದಕ್ಕೆ ಬಂದು ತಾಗಿದ ನೀರು ಕೆಳಗಿನ ಸೊಪ್ಪಿನಬೆಟ್ಟಕ್ಕೆ ಇಳಿದು ದರಕಿನ ಒಳಗೆ ಇಂಗಿ ಹೋಗುತ್ತಿತ್ತು. ನೀರಿಗೆ ಓಡಿ ಬಲ ಪಡೆಯಲಿಕ್ಕೆ ಪುರುಸೊತ್ತೇ ಕೊಡುತ್ತಿರಲಿಲ್ಲ. ಮಳೆ ನಿಂತ ಅರ್ಧ ತಾಸಿಗೆ ಸೈಕಲ್ ಹತ್ತಿದೆವು. ಚಕ್ರಕ್ಕೆ ಕೆಸರು ಮೆತ್ತಲಿಲ್ಲ.

ಶಿರಸಿ ಸೀಮೆಗೆ ವರ್ಷಕ್ಕೆ ನೂರು ಇಂಚಿನ ಹತ್ತಿರ ಮಳೆ. ನಮ್ಮ ಸವಣೂರು ಕಡೆ 30 ಇಂಚಿಗೂ ಒಳಗೆ. ನೂರು ಇಂಚಿನ ಮಳೆ ತಿಂದ ಮಣ್ಣುರಸ್ತೆ ಗಟ್ಟಿ ಇದೆ, 30 ಇಂಚು ಕಾಣದ ನಮ್ಮ ರಸ್ತೆ ಕೊಚ್ಚಿ ಹೋಗುತ್ತದೆ. ಹಾಗಾದರೆ ರಸ್ತೆ ಕೆಡಿಸುವುದು ಮಳೆ ಅಂತ ನಾವು ಇಷ್ಟು ವರ್ಷ ಹೇಳಿದ್ದು ಸುಳ್ಳಲ್ಲವೇ? ಅವರದು ಗಟ್ಟಿ ಕೆಂಪು ಗರಸು, ನಮ್ಮದು ಎರೆಮಣ್ಣು, ಆ ವ್ಯತ್ಯಾಸ ಇದೆ. ಎರೆ ನೀರು ಕುಡಿದು ಉಬ್ಬುತ್ತದೆ, ಒಣಗಿ ಬಿರಿಯುತ್ತದೆ. ಆದರೆ ನಮ್ಮ ಗುಡ್ಡದ ಬದಿಗೂ ಗರಸು ಇದೆಯಲ್ಲ!

ಎಲ್ಲಾ ರಸ್ತೆಯೂ ಹೀಗಿರಲಿಲ್ಲ ಅನ್ನುವುದನ್ನೂ ಹೇಳಬೇಕು. ಮರದ ದಿಮ್ಮಿ ಲಾರಿ ಓಡಾಡಿದ ಒಂದು ದಾರಿಯಲ್ಲಿ ಮೊಣಕಾಲುದ್ದ ಗಾಲಿತಗ್ಗು. ಅಲ್ಲಿ ಅವನ ಎತ್ತಿನ ಜೋಡಿ ಬೆಲೆಯ ಸೈಕಲ್ಲೂ ನನ್ನದೂ ಒಂದೇ ಆದವು. ಇಬ್ಬರೂ ಹೆಗಲ ಮೇಲೆ ಹೊತ್ತೆವು.

ಹುಡುಗನಿಗೆ ಆ ದಾರಿಗಳು ಬಹಳ ಹಿಡಿಸಿದವು. ಜಗಲಿಯಲ್ಲಿ ಕೂತಾಗ "ಈ ರಸ್ತೆಗೆ ಡಾಂಬರ ಹಾಕಬಾರದ್ರಿ, ಹಿಂಗೇ ಚಂದ" ಅಂತ ಆ ಯಜಮಾನರಿಗೆ ಹೇಳಿಬಿಟ್ಟ. ಅವರು ನಕ್ಕರು. "ನೀವು ಭಾನುವಾರ ಸಂಜೆ ಹೋಗ್ತೀರಿ. ಆಷಾಢದಲ್ಲಿ ನಮ್ಮ ಅಮ್ಮನನ್ನ ಕುರ್ಚಿ ಮೇಲೆ ಕೂರಿಸಿ ಹೊತ್ತುಕೊಂಡು ಡಾಂಬರ ರಸ್ತೆಗೆ ಮುಟ್ಟಿಸಿದವ ನಾನು" ಅಂದರು. ಹುಡುಗ ಸುಮ್ಮನಾದ. ಹಾಗಂತ ಅವರು ಡಾಂಬರು ಹಾಕಿ ಅಂತ ಹಟ ಹಿಡಿದವರೂ ಅಲ್ಲ. ಆ ಮೇಲಿನ ಏರಿಗೆ ಮಾತ್ರ ಕಾಂಕ್ರೀಟು ಬೇಕು, ಉಳಿದದ್ದಕ್ಕೆ ಮಳೆಗಾಲದ ಮುಂಚೆ ಚರಂಡಿ ಬಿಡಿಸಿದರೆ ಸಾಕು ಅಂದರು. ಕೇರಿಯ ಮನೆಗೊಬ್ಬರಂತೆ ಮೇ ತಿಂಗಳಲ್ಲಿ ಎರಡು ದಿನ ಆ ಕೆಲಸ ಮಾಡುತ್ತಾರಂತೆ.

ಇಂಥ ಸೈಕಲ್ ಸವಾರರು ಮುಂದೆ ಇನ್ನೂ ಬರುತ್ತಾರೆ. ಬರಲಿ, ಬೇಡ ಅನ್ನುವುದಿಲ್ಲ. ಉಣಗೋಲು ತೆಗೆದರೆ ತಿರುಗಿ ಹಾಕಲಿ, ಕಾಡಿನೊಳಗೆ ಹೋಗುವ ಮೊದಲು ಅರಣ್ಯದವರನ್ನು ಕೇಳಲಿ, ದನ ಎದುರಾದರೆ ಇಳಿದು ನಿಲ್ಲಲಿ. ನಮ್ಮ ಹುಡುಗ ಎರಡು ಸಲ ಮರೆತ.

ಎರಡನೇ ದಿನ ಸಂಜೆ ಮಾಗೋಡಿನ ಹತ್ತಿರ ಜೇನುಕಲ್ಲು ಗುಡ್ಡದ ತುದಿಗೆ ಹೋಗಿ ಕೂತೆವು. ಕೆಳಗೆ ಕಾಡಿನ ನಡುವೆ ಬೇಡ್ತಿ ಹೊಳೆ. ಧಾರವಾಡ ಹುಬ್ಬಳ್ಳಿ ಕಡೆಯ ಹಳ್ಳಗಳೇ ಕೂಡಿ ಇಲ್ಲಿಗೆ ಬಂದು, ಮಾಗೋಡಿನಲ್ಲಿ ಸುಮಾರು 600 ಅಡಿ ಧುಮುಕಿ, ಗಂಗಾವಳಿ ಅನ್ನಿಸಿಕೊಂಡು ಅಂಕೋಲೆ ತಾಲೂಕಿನಲ್ಲಿ ಸಮುದ್ರ ಸೇರುತ್ತವೆ. ಈ ನೀರನ್ನು ನಮ್ಮ ವರದೆಗೆ ತಿರುಗಿಸುವ ಯೋಜನೆ ಸುದ್ದಿ ಓದುಗರಿಗೆ ಗೊತ್ತಿದೆ. ಅದರ ಬಗ್ಗೆ ಇವತ್ತು ಬರೆಯುವುದಿಲ್ಲ. ಆ ಕೊಳ್ಳ ನೋಡಿ ಬಂದ ಮೇಲೆ ನನ್ನ ಬಾಯಿ ಮೊದಲಿನಷ್ಟು ಜೋರಿಲ್ಲ, ಅಷ್ಟೇ ಹೇಳುತ್ತೇನೆ.

ಅಲ್ಲಿ ಕೂತಾಗಲೇ ಹುಡುಗ ಅಮೆರಿಕದ ಮಾತು ತೆಗೆದ. ಅಲ್ಲಿಯ ಕ್ಯಾನ್ಸಸ್ ರಾಜ್ಯದ ಎಂಪೋರಿಯಾ ಊರಲ್ಲಿ 2006ರಲ್ಲಿ 34 ಮಂದಿ ಸೇರಿ ಗರಸು ರಸ್ತೆಯ ಮೇಲೆ 200 ಮೈಲು ಸೈಕಲ್ ಸ್ಪರ್ಧೆ ಶುರು ಮಾಡಿದರಂತೆ. ಈಗ ಸಾವಿರಾರು ಮಂದಿ ಬರುತ್ತಾರೆ. ನನಗೆ ಸ್ಪರ್ಧೆ ಮುಖ್ಯ ಅನ್ನಿಸಲಿಲ್ಲ. ಅಷ್ಟು ಶ್ರೀಮಂತ ದೇಶದಲ್ಲಿ 200 ಮೈಲು ಗರಸು ರಸ್ತೆ ಯಾಕೆ ಉಳಿದಿದೆ ಅಂತ ಕೇಳಿದೆ. ಅಲ್ಲಿ ಮೂರರಲ್ಲೊಂದು ಪಾಲಿನಷ್ಟು ರಸ್ತೆಗೆ ಇವತ್ತಿಗೂ ಡಾಂಬರಿಲ್ಲ. ಬಹಳವು ಹಳ್ಳಿ ಕಡೆಯವು. ಅಲ್ಲಿಯ ಸ್ಥಳೀಯ ಆಡಳಿತ ಬ್ಲೇಡಿನ ಯಂತ್ರ ಓಡಿಸಿ, ನಡುವೆ ಎತ್ತರ ಮಾಡಿ, ಬದಿಗೆ ನೀರು ಹೋಗುವಂತೆ ಇಡುತ್ತದೆ. ಗರಸು ರಸ್ತೆ ಅಂದರೆ ಬಡತನ ಅಂತ ಅವರು ತಿಳಿದಿಲ್ಲ.

ಈಗ ನಮ್ಮೂರಿನ ಮಾತು. ಊರಿನಿಂದ ನಮ್ಮ ಹೊಲಗಳಿಗೆ ಎರಡೂವರೆ ಕಿಲೋಮೀಟರ್ ಚಕ್ಕಡಿ ದಾರಿ. 2019ರ ಮಳೆಯಲ್ಲಿ ಅದು ಪೂರಾ ಹಳ್ಳವಾಯಿತು. ನನ್ನ 18 ಕ್ವಿಂಟಾಲ್ ಗೋವಿನಜೋಳ ಒಂಬತ್ತು ದಿನ ಹೊಲದಲ್ಲೇ ತಾಡಪಾಲದ ಕೆಳಗೆ ಕೂತು ಮೊಳಕೆ ಒಡೆಯಿತು. ಸಿಕ್ಕ ದರಕ್ಕೆ ಕೊಟ್ಟೆ. ಕಾರಣ ಹುಡುಕಿದರೆ ನಾವೇ. ಇಬ್ಬದಿಯ ಹೊಲದವರು ವರ್ಷಕ್ಕೊಂದು ಸಾಲು ಒತ್ತಿ ದಾರಿ ಸಣ್ಣ ಮಾಡಿದೆವು. ಒಡ್ಡಿನ ನೀರನ್ನೆಲ್ಲ ದಾರಿಗೆ ಬಿಟ್ಟೆವು. ದಾರಿ ಹೊಲಕ್ಕಿಂತ ಎರಡು ಅಡಿ ಕೆಳಗೆ ಇಳಿದಿದೆ. ನಿಮ್ಮೂರಿನ ಹೊಲದ ದಾರಿ ನೆನಪು ಮಾಡಿಕೊಳ್ಳಿ, ಹೀಗೇ ಇರುತ್ತದೆ.

ಈ ಸಲ ಗ್ರಾಮಸಭೆಯಲ್ಲಿ ಆ ದಾರಿಗೆ ಸ್ವಲ್ಪ ದುಡ್ಡು ಇದೆ ಅಂದರು. ಆ ದುಡ್ಡಿಗೆ ಸಿಮೆಂಟ್ ಹಾಕಿದರೆ ಊರ ಬಾಯಿಯ 300 ಮೀಟರ್ ಮುಗಿಯುತ್ತದೆ. ಮುಂದಿನದು ಹಳ್ಳವೇ. ಮೇಲಾಗಿ ಸಿಮೆಂಟಿನ ಮೇಲೆ ಜಾರಿ ಬಂದ ನೀರು ಅದು ಮುಗಿದಲ್ಲಿ ಗುಂಡಿ ತೋಡುತ್ತದೆ. ನಾನು ಎದ್ದು ನಿಂತು ಹೇಳಿದೆ: ದಾರಿಯುದ್ದಕ್ಕೂ ಮಣ್ಣು ಏರಿಸಿ, ಮೇಲೆ ಒಂದಡಿ ಗರಸು ಹಾಕಿ ರೋಲರ್ ಹೊಡೆಸಿ. 12 ಅಡಿ ಅಗಲಕ್ಕೆ ನಡುವೆ ಮೂರು ಇಂಚು ಎತ್ತರ ಇರಲಿ. ಎರಡೂ ಕಡೆ ಚರಂಡಿ, ಹಳ್ಳ ದಾಟುವಲ್ಲಿ ಸಿಮೆಂಟ್ ಪೈಪು. ಚರಂಡಿ ನೀರನ್ನು ಅಲ್ಲಲ್ಲಿ ಕೃಷಿಹೊಂಡಕ್ಕೆ ತಿರುಗಿಸಿ, ನಮಗೂ ಒಂದು ನೀರಿಗಾಗುತ್ತದೆ. ವರ್ಷಾ ಮುಂಗಾರಿಗೆ ಮೊದಲು ಚರಂಡಿ ಬಿಡಿಸುವುದು ಹೊಲದವರ ಪಾಲಿಗಿರಲಿ.

"ಸೈಕಲ್ ಹೊಡದು ಬಂದು ಇಂಜಿನಿಯರ್ ಆಗ್ಯಾನ" ಅಂತ ಒಬ್ಬ ಕೂಗಿದ, ಸಭೆಯೆಲ್ಲ ನಕ್ಕಿತು. ನಗಲಿ. ಸಿಮೆಂಟ್ ಆದರೆ ಉದ್ಘಾಟನೆ ಮಾಡಬಹುದು, ಫಲಕ ಹಾಕಬಹುದು. ಚರಂಡಿ ಬಿಡಿಸಿದ್ದಕ್ಕೆ ಯಾರು ಫಲಕ ಹಾಕುತ್ತಾರೆ? ತೀರ್ಮಾನ ಮುಂದಿನ ಸಭೆಗೆ ಹೋಯಿತು.

ನಿಜವಾದ ತೊಡಕು ಪಂಚಾಯ್ತಿಯಲ್ಲೂ ಇಲ್ಲ. ಚರಂಡಿಗೆ ಒಂದೊಂದು ಕಡೆ ಮೂರಡಿ ಜಾಗ ಬೇಕು, ಅದು ಹೊಲದಿಂದಲೇ ಬರಬೇಕು. ನನ್ನ ಎದುರು ಹೊಲದವ ಒಪ್ಪುತ್ತಿಲ್ಲ. ಅವನಿಗಿರುವುದೇ ಒಂದೂವರೆ ಎಕರೆ, ತಪ್ಪು ಅನ್ನಲಾರೆ. ಹಾಗಾದರೆ ನಮ್ಮಿಬ್ಬರ ಹೊಲ ಇರುವಷ್ಟು ಉದ್ದ ಎರಡೂ ಕಡೆಯ ನೀರು ನನ್ನ ಬದಿಗೇ ಬರಲಿ, ಆರಡಿಯನ್ನೂ ನಾನೇ ಬಿಡುತ್ತೇನೆ ಅಂತ ಹೇಳಿ ಬಂದಿದ್ದೇನೆ. ಹೆಂಡತಿಯನ್ನು ಕೇಳಿ ಹೇಳುತ್ತೇನೆ ಅಂದಿದ್ದಾನೆ. ನಾನು ಮಾತ್ರ ನನ್ನ ಹೆಂಡತಿಗೆ ಇನ್ನೂ ಹೇಳಿಲ್ಲ.