ಕೈ ಖಾಲಿಯಿದ್ದರೆ ಸಾಲದು

ಗಾಡಿ ಓಡಿಸುವಾಗ ಫೋನ್ ಕೈಯಲ್ಲಿ ಹಿಡಿಯುವುದಷ್ಟೇ ತಪ್ಪು, ಬ್ಲೂಟೂತ್‌ನಲ್ಲಿ ಮಾತಾಡಿದರೆ ಅಪಾಯವಿಲ್ಲ ಎಂದು ಕಳೆದ ಸಂಚಿಕೆಯ ಲೇಖಕರು ಬರೆದಿದ್ದಾರೆ. ಇದನ್ನು ಒಪ್ಪಲಾಗದು. ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಸ್ಟ್ರೇಯರ್ ಮತ್ತು ಜಾನ್ಸ್‌ಟನ್ 2001ರಲ್ಲೇ ಈ ಬಗ್ಗೆ ತಮ್ಮ ಪ್ರಯೋಗವನ್ನು ಪ್ರಕಟಿಸಿದ್ದರು. ಫೋನಿನಲ್ಲಿ ಮಾತಾಡುತ್ತಿದ್ದವರು ಸಿಗ್ನಲ್ ಗಮನಿಸದೆ ಹೋದದ್ದು ಸುಮಾರು ಎರಡು ಪಟ್ಟು ಹೆಚ್ಚು. ಫೋನ್ ಕೈಯಲ್ಲಿತ್ತೇ ಇಲ್ಲವೇ ಎಂಬುದರಿಂದ ವ್ಯತ್ಯಾಸವಾಗಲಿಲ್ಲ. ಕಣ್ಣು ರಸ್ತೆಯ ಮೇಲಿದ್ದರೂ ಗಮನ ಮಾತಿನಲ್ಲಿರುತ್ತದೆ.

ಪಕ್ಕದಲ್ಲಿ ಕೂತವರ ಜೊತೆ ಮಾತಾಡುವುದಿಲ್ಲವೇ ಎಂಬುದು ಆ ಲೇಖಕರ ಇನ್ನೊಂದು ವಾದ. ಪಕ್ಕದಲ್ಲಿ ಕೂತವರಿಗೆ ರಸ್ತೆ ಕಾಣುತ್ತದೆ. ಲಾರಿ ಅಡ್ಡ ಬಂದರೆ ಅವರೇ ಮಾತು ನಿಲ್ಲಿಸುತ್ತಾರೆ. ಫೋನಿನ ಆಚೆಯವರಿಗೆ ಏನೂ ಕಾಣದು, ಉತ್ತರ ಬೇಕು ಅಷ್ಟೇ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಎರಡು ಸೆಕೆಂಡು ಮೈಮರೆತರೆ ಗಾಡಿ 33 ಮೀಟರ್ ಮುಂದೆ ಹೋಗಿರುತ್ತದೆ. ಹೆಲ್ಮೆಟ್ಟಿನೊಳಗೆ ಫೋನ್ ಸಿಕ್ಕಿಸಿಕೊಂಡು ಗಾಡಿ ಓಡಿಸುವ ಹುಡುಗರನ್ನು ನೋಡಿದಾಗೆಲ್ಲ ನನಗೆ ಈ ಲೆಕ್ಕವೇ ನೆನಪಾಗಿ ಎದೆ ನಡುಗುತ್ತದೆ.

2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ಕೈಯಲ್ಲಿ ಹಿಡಿಯುವ ಸಾಧನವನ್ನಷ್ಟೇ ಹೆಸರಿಸಿದೆ, ನಿಜ. ಆದರೆ ದಂಡ ಬೀಳದ ಮಾತ್ರಕ್ಕೆ ಅಪಾಯ ತಪ್ಪಿತೇ? ಕರೆ ಮಾಡುವವರಿಗೂ ಹೊಣೆಯಿದೆ. ಕೆಲಸಗಾರರು ದಾರಿಯಲ್ಲಿದ್ದಾರೆಂದು ಗೊತ್ತಿದ್ದೂ ಮತ್ತೆ ಮತ್ತೆ ಫೋನ್ ಮಾಡುವ ಮಾಲೀಕರು ಮೊದಲು ಅದನ್ನು ನಿಲ್ಲಿಸಲಿ.