ವಿವರಣೆ ಎಲ್ಲಿರಬೇಕು?

ಮಕ್ಕಳೇ, ಪಾಠ ಓದುವಾಗ ಕಠಿಣ ಪದ ಬಂದರೆ ನೀವು ಏನು ಮಾಡುತ್ತೀರಿ? ಅದೇ ಪುಟದ ಅಡಿಯಲ್ಲಿ ಅರ್ಥವಿದ್ದರೆ ಕಣ್ಣು ಇಳಿಸಿ ನೋಡಿ ಮುಂದೆ ಓದುತ್ತೀರಿ. ಪುಸ್ತಕದ ಕೊನೆಯಲ್ಲಿದ್ದರೆ ಹಾಳೆ ತಿರುವಬೇಕು. ಕಪಾಟಿನಲ್ಲಿರುವ ನಿಘಂಟಿನಲ್ಲಿದ್ದರೆ ಎದ್ದು ಹೋಗಬೇಕು. ಬಹಳ ಮಂದಿ ಏಳುವುದೇ ಇಲ್ಲ! ಪಠ್ಯಪುಸ್ತಕ ಸಿದ್ಧಪಡಿಸುವವರಲ್ಲಿಯೂ ಈ ಚರ್ಚೆ ನಡೆಯುವುದುಂಟು. ನನಗಂತೂ ಪುಟದ ಅಡಿಯೇ ಇಷ್ಟ.

ಗಣಕಯಂತ್ರಕ್ಕೆ ಪ್ರೋಗ್ರಾಂ ಬರೆಯುವವರಲ್ಲಿಯೂ ಇಂಥದೇ ಚರ್ಚೆಯಿದೆ. ಪ್ರೋಗ್ರಾಂ ಎಂದರೆ ಗಣಕಯಂತ್ರವು ಮಾಡಬೇಕಾದ ಕೆಲಸವನ್ನು ಹಂತಹಂತವಾಗಿ ತಿಳಿಸುವ ಸೂಚನೆಗಳು. ಒಬ್ಬರು ಬರೆದುದನ್ನು ಇನ್ನೊಬ್ಬರು ಬಳಸಬೇಕಾದರೆ ಅದರ ವಿವರಣೆ ಬೇಕು. ಮೊದಲು ಈ ವಿವರಣೆ ದಪ್ಪ ದಪ್ಪ ಪುಸ್ತಕಗಳಲ್ಲಿರುತ್ತಿತ್ತು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ ‘ಯುನಿಕ್ಸ್’ನ ಕೈಪಿಡಿ 1971ರಲ್ಲಿ ಸಿದ್ಧವಾಯಿತು. ಮುಂದೆ ‘ಮ್ಯಾನ್’ ಎಂದು ಬರೆದು ಕೇಳಿದರೆ ಆ ಕೈಪಿಡಿಯ ಪುಟ ಪರದೆಯ ಮೇಲೆಯೇ ಬರತೊಡಗಿತು. ಇಂದು ಪ್ರೋಗ್ರಾಂ ಬರೆಯುವಾಗ ಒಂದು ಹೆಸರಿನ ಮೇಲೆ ಮೌಸಿನ ಬಾಣವನ್ನು ಇಟ್ಟರೆ ಸಾಕು, ಪಕ್ಕದಲ್ಲಿ ಪುಟ್ಟ ಚೌಕಟ್ಟು ತೆರೆದು ವಿವರಣೆ ಕಾಣುತ್ತದೆ.

ಈ ಚೌಕಟ್ಟನ್ನು ಎಲ್ಲರೂ ಮೆಚ್ಚುವುದಿಲ್ಲ. ‘ಇಷ್ಟು ಚಿಕ್ಕ ಜಾಗದಲ್ಲಿ ಎಷ್ಟು ಹೇಳಲಾದೀತು?’ ಎಂದು ಕೆಲವರು ಕೇಳುತ್ತಾರೆ. ಅದು ನಿಜ. ಒಂದು ವಿಷಯವನ್ನು ಮೊದಲಿನಿಂದ ಕಲಿಯುವವರಿಗೆ ಪುಸ್ತಕ ಬೇಕೇ ಬೇಕು. ಇನ್ನು ಕೆಲವರು ‘ಒಳ್ಳೆಯ ಹೆಸರಿಟ್ಟರೆ ಸಾಕು, ವಿವರಣೆಯೇ ಬೇಡ’ ಎನ್ನುತ್ತಾರೆ. ಇದನ್ನು ನಾನು ಒಪ್ಪಲಾರೆ.

ಒಂದು ಉದಾಹರಣೆ ನೋಡಿರಿ. ‘ವಿಸ್ತೀರ್ಣ’ ಎಂಬ ಹೆಸರಿನ ಚಿಕ್ಕ ಪ್ರೋಗ್ರಾಂ ಇದೆ ಎನ್ನೋಣ. ಉದ್ದ, ಅಗಲ ಕೊಟ್ಟರೆ ಗುಣಿಸಿ ಉತ್ತರ ಹೇಳುತ್ತದೆ. ಕೋಣೆಯ ಉದ್ದ 6 ಮೀಟರು, ಅಗಲ 5 ಮೀಟರು. ಉತ್ತರ 30 ಚದರ ಮೀಟರು. ಆದರೆ ಇನ್ನೊಬ್ಬರು ಅದೇ ಕೋಣೆಯನ್ನು ಅಡಿಗಳಲ್ಲಿ ಅಳೆದು 20 ಮತ್ತು 16 ಎಂದು ಕೊಟ್ಟರು. ಗಣಕಯಂತ್ರ 320 ಎಂದಿತು. ಅದಕ್ಕೆ ಮೀಟರು ಯಾವುದು, ಅಡಿ ಯಾವುದು ತಿಳಿಯದು. ಅದನ್ನು ಚದರ ಮೀಟರೆಂದು ನಂಬಿ ಫರಸಿ ತರಿಸಿದರೆ ಬೇಕಾದುದಕ್ಕಿಂತ ಹತ್ತು ಪಟ್ಟು ಹೆಚ್ಚು ಫರಸಿ ಅಂಗಳದಲ್ಲಿ ಬಂದು ಬೀಳುತ್ತದೆ! ಹೆಸರು ಸರಿಯಾಗಿಯೇ ಇತ್ತು. ‘ಎರಡೂ ಅಳತೆ ಮೀಟರಿನಲ್ಲಿರಲಿ’ ಎಂಬ ಒಂದು ಸಾಲು ಮಾತ್ರ ಇರಲಿಲ್ಲ.

ಆ ಸಾಲು ನಿಜವನ್ನೂ ಹೇಳಬೇಕು. ಪ್ರೋಗ್ರಾಮನ್ನು ಬದಲಿಸಿ ವಿವರಣೆಯನ್ನು ಹಾಗೆಯೇ ಬಿಟ್ಟರೆ ಏನಾಗುತ್ತದೆ? ಉದಗೀರದ ನಿಲ್ದಾಣದಲ್ಲಿ ಬೀದರಿನ ಗಾಡಿಯ ಹಳೆಯ ವೇಳೆಯನ್ನೇ ಬರೆದಿಟ್ಟಂತೆ. ಫಲಕ ಇಲ್ಲದಿದ್ದರೆ ಯಾರನ್ನಾದರೂ ಕೇಳುತ್ತಿದ್ದೆವು. ಇದ್ದುದರಿಂದ ನಂಬಿ ಗಾಡಿ ತಪ್ಪಿಸಿಕೊಳ್ಳುತ್ತೇವೆ.

ಇನ್ನೊಂದು ಮಾತು, ಇದು ನಮಗೇ ಸಂಬಂಧಿಸಿದ್ದು. ಈ ಪುಟ್ಟ ಚೌಕಟ್ಟುಗಳಲ್ಲಿ ಬರುವ ವಿವರಣೆ ಹೆಚ್ಚಾಗಿ ಇಂಗ್ಲಿಷಿನಲ್ಲಿರುತ್ತದೆ. ಉಮರ್ಗಾ, ನಿಲಂಗಾ ಕಡೆಯ ಕನ್ನಡ ಶಾಲೆಯ ಹುಡುಗಿಗೆ ಮನೆಯಲ್ಲಿ ಕನ್ನಡ, ಬಜಾರದಲ್ಲಿ ಮರಾಠಿ. ಅವಳಿಗೆ ಲೆಕ್ಕ ಚೆನ್ನಾಗಿ ಬರುತ್ತದೆ. ಆದರೂ ಇಂಗ್ಲಿಷಿನ ಒಂದು ಸಾಲಿನ ಮುಂದೆ ಕೈ ನಿಲ್ಲುತ್ತದೆ. ವಿವರಣೆ ಪಕ್ಕದಲ್ಲಿಯೇ ಇದೆ, ಆದರೂ ಕಪಾಟಿನ ನಿಘಂಟಿನಷ್ಟೇ ದೂರ.

ಇಂಗ್ಲಿಷ್ ಕಲಿಯಬಾರದೆಂದು ನಾನು ಹೇಳುತ್ತಿಲ್ಲ. ಆದರೆ ನಾವು ಬರೆಯುವ ಪ್ರೋಗ್ರಾಮಿಗೆ ವಿವರಣೆಯನ್ನು ಕನ್ನಡದಲ್ಲಿ ಬರೆಯಲು ಅಡ್ಡಿಯೇನು? ‘ಪೈಥಾನ್’ ಎಂಬ ಪ್ರೋಗ್ರಾಂ ಭಾಷೆ 1991ರಲ್ಲಿ ಬಂದಿತು; ಅದನ್ನು ರೂಪಿಸಿದವರು ನೆದರ್‌ಲ್ಯಾಂಡ್ಸಿನ ಗೀಡೊ ವಾನ್ ರಾಸಮ್. ಅದರಲ್ಲಿ ಹೆಸರಿನ ಕೆಳಗೇ, ಮೂರು ಮೂರು ಉದ್ಧರಣ ಚಿಹ್ನೆಗಳ ನಡುವೆ, ವಿವರಣೆ ಬರೆಯುವ ಪದ್ಧತಿಯಿದೆ. ‘ಹೆಲ್ಪ್’ ಎಂದು ಕೇಳಿದವರಿಗೆ ಆ ಸಾಲುಗಳೇ ಕಾಣುತ್ತವೆ. 2008ರಲ್ಲಿ ಬಂದ ಪೈಥಾನ್ 3ರಲ್ಲಿ ಅವನ್ನು ಕನ್ನಡ ಅಕ್ಷರಗಳಲ್ಲಿಯೇ ಬರೆಯಬಹುದು. ಮರಾಠಿ ಶಾಲೆಯ ಗೆಳತಿಯೂ ಬಳಸುವಳೆಂದಾದರೆ ಕೆಳಗೆ ಮರಾಠಿಯಲ್ಲಿ ಇನ್ನೊಂದು ಸಾಲು ಸೇರಿಸಿರಿ. ಪೈಥಾನ್ ಅದನ್ನೂ ತೋರಿಸುತ್ತದೆ.