ಹಾಡುವ ಮಕ್ಕಳಿಗೆ ನಮ್ಮಲ್ಲೇ ಸೀಟಿಲ್ಲ!

ನಿಮ್ಮ ಮನೆಯಲ್ಲಿ ಹಾಡುವ ಮಗುವೊಂದಿದ್ದರೆ ದಯವಿಟ್ಟು ಒಂದು ಕೆಲಸ ಮಾಡಿ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸಿಇಟಿ ಮಾಹಿತಿ ಪುಸ್ತಿಕೆಯಲ್ಲಿ ವಿಶೇಷ ವರ್ಗಗಳ ಪಟ್ಟಿಯನ್ನು ಒಮ್ಮೆ ಓದಿ. ಕ್ರೀಡಾಪಟುಗಳಿಗೆ ಸೀಟಿದೆ. ಎನ್‌ಸಿಸಿಯವರಿಗಿದೆ, ಸ್ಕೌಟ್ಸ್ ಮತ್ತು ಗೈಡ್ಸ್‌ನವರಿಗಿದೆ, ಸೈನಿಕರ ಮಕ್ಕಳಿಗಿದೆ. ಇರಲಿ, ಬೇಡವೆಂದವರಾರು? ಆದರೆ ಹತ್ತು ವರ್ಷ ತಂಬೂರಿಯ ಮುಂದೆ ಕೂತು ಸೀನಿಯರ್ ಪರೀಕ್ಷೆ ಪಾಸು ಮಾಡಿದ ಹುಡುಗಿಗೆ ಆ ಪಟ್ಟಿಯಲ್ಲಿ ಒಂದು ಸಾಲೂ ಇಲ್ಲ. ಆ ಪರೀಕ್ಷೆಗೆ ಸರ್ಟಿಫಿಕೇಟು ಕೊಡುವುದೂ ಸರ್ಕಾರದ ವ್ಯವಸ್ಥೆಯೇ! ಒಂದು ಕೈ ಕೊಟ್ಟದ್ದಕ್ಕೆ ಇನ್ನೊಂದು ಕೈಯಲ್ಲಿ ಬೆಲೆಯಿಲ್ಲ.

ಈಗ ಪಕ್ಕದವರನ್ನು ನೋಡಿ. ಮದರಾಸಿನ ಐಐಟಿ 2025ರಲ್ಲಿ ಲಲಿತಕಲೆಯ ಸಾಧಕರಿಗಾಗಿ ಪ್ರತಿ ಪದವಿ ಕೋರ್ಸಿನಲ್ಲೂ ಎರಡೆರಡು ಹೆಚ್ಚುವರಿ ಸೀಟು ತೆರೆಯಿತು. ಅದರಲ್ಲಿ ಒಂದು ಹೆಣ್ಣುಮಕ್ಕಳಿಗೇ. ಜೆಇಇ ಅಡ್ವಾನ್ಸ್ಡ್ ರ್‍ಯಾಂಕ್ ಪಟ್ಟಿಯಲ್ಲಿ ಹೆಸರಂತೂ ಇರಲೇಬೇಕು, ಹಾಡಿದ ಮಾತ್ರಕ್ಕೆ ಇಂಜಿನಿಯರ್ ಆಗುವುದಿಲ್ಲ. ಆದರೆ ರ್‍ಯಾಂಕಿನಲ್ಲಿ ಹಿಂದೆ ಬಿದ್ದವನನ್ನು ಅವನ ಕಲೆ ಮುಂದಕ್ಕೆ ತರುತ್ತದೆ. ಕೇರಳದಲ್ಲಿ ಶಾಲಾ ಕಲೋತ್ಸವದಲ್ಲಿ ಗೆದ್ದವರಿಗೆ ಪರೀಕ್ಷೆಯಲ್ಲಿ ಗ್ರೇಸ್ ಅಂಕ ಸಿಗುತ್ತದೆ. ಅಲ್ಲಿ ಯಕ್ಷಗಾನವೂ ಒಂದು ಸ್ಪರ್ಧೆ, ಕನ್ನಡ ಪದ್ಯವಾಚನವೂ ಒಂದು ಸ್ಪರ್ಧೆ. ಅಂದರೆ ಕಾಸರಗೋಡಿನ ನಮ್ಮ ಮಗು ಯಕ್ಷಗಾನ ಕುಣಿದರೆ ಕೇರಳ ಸರ್ಕಾರ ಅಂಕ ಕೊಡುತ್ತದೆ. ಉಡುಪಿಯ ಮಗು ಕುಣಿದರೆ? ಚಪ್ಪಾಳೆ, ಒಂದು ಸ್ಮರಣಿಕೆ!

ದೆಹಲಿ ವಿಶ್ವವಿದ್ಯಾಲಯದ ಕಥೆ ಇನ್ನೂ ಸ್ವಾರಸ್ಯ. 2022ರಲ್ಲಿ ಸಿಯುಇಟಿ ಬಂದ ಮೇಲೆ ಅಲ್ಲಿನ ಪಠ್ಯೇತರ ಕೋಟಾದಲ್ಲಿ ಪ್ರವೇಶ ಪರೀಕ್ಷೆಗೆ ಶೇ. 25, ಪ್ರತಿಭೆಗೆ ಶೇ. 75. ಹಾಡುವವರು ತೀರ್ಪುಗಾರರ ಮುಂದೆ ಹಾಡಿಯೇ ತೋರಿಸಬೇಕು. ಆದರೆ ಅದೇ ಪಟ್ಟಿಯಲ್ಲಿ ಚರ್ಚಾಸ್ಪರ್ಧೆ ಮತ್ತು ಸೃಜನಶೀಲ ಬರವಣಿಗೆ ಎಂಬ ವಿಭಾಗಗಳಿವೆಯಲ್ಲ, ಅವು ಹಿಂದಿಗೆ ಮತ್ತು ಇಂಗ್ಲಿಷಿಗೆ ಮಾತ್ರ. ಕನ್ನಡದಲ್ಲಿ ಕಥೆ ಬರೆಯುವ ಹುಡುಗನಿಗೆ ಕೇಂದ್ರದ ಈ ವಿಶ್ವವಿದ್ಯಾಲಯದಲ್ಲಿ ಬಾಗಿಲಿಲ್ಲ. ಇದರ ಬಗ್ಗೆ ನಮ್ಮ ಸಂಸದರು ಬಾಯಿ ಬಿಡಬೇಕಿತ್ತು, ಅದು ಬೇರೆ ಮಾತು.

ಇಷ್ಟಕ್ಕೂ ಸಂಗೀತದ ವಿಷಯದಲ್ಲಿ ನಾವೇನು ಬಡವರೇ? ಧಾರವಾಡದ ಹಿಂದೂಸ್ತಾನಿ, ಮೈಸೂರಿನ ಕರ್ನಾಟಕ ಸಂಗೀತ ಎರಡೂ ಒಂದೇ ರಾಜ್ಯದಲ್ಲಿ ಬೆಳೆದ ನೆಲವಿದು. ಭೀಮಸೇನ ಜೋಶಿಯವರಿಗೆ 2008ರಲ್ಲಿ ಭಾರತರತ್ನ ಬಂದಾಗ ಹೆಮ್ಮೆಯಿಂದ ಎದೆಯುಬ್ಬಿಸಿದ್ದೇವೆ. ಗದುಗಿನ ವೀರೇಶ್ವರ ಪುಣ್ಯಾಶ್ರಮ ಅಂಧ ಮಕ್ಕಳ ಕೈಗೆ ಹಾರ್ಮೋನಿಯಂ ಕೊಟ್ಟು ಬದುಕು ಕಟ್ಟಿಕೊಟ್ಟಿತು. ಹೆಚ್ಚು ಶಾಲೆ ಕಲಿಯದ ಗಂಗೂಬಾಯಿ ಹಾನಗಲ್ ಅವರ ಹೆಸರಿನಲ್ಲಿ ಮೈಸೂರಿನಲ್ಲಿ ವಿಶ್ವವಿದ್ಯಾಲಯವೇ ಇದೆ. ಸಂಗೀತವನ್ನೇ ಓದುವವರಿಗೆ ಅದು ಸರಿ. ಇಂಜಿನಿಯರಿಂಗೋ ಕೃಷಿಯೋ ಓದುತ್ತ ಹಾಡನ್ನೂ ಉಳಿಸಿಕೊಳ್ಳಬೇಕೆನ್ನುವವರ ಗತಿಯೇನು? ಎಸ್ಸೆಸ್ಸೆಲ್ಸಿ ಮುಗಿಯುತ್ತಲೇ "ಇನ್ನು ಪಾಟಿ ಸಾಕು, ಪಿಯುಸಿ ನೋಡಿಕೋ" ಎಂದು ಅಪ್ಪ ಅಮ್ಮನೇ ಪಾಠ ಬಿಡಿಸುತ್ತಾರೆ. ಅವರನ್ನು ಬೈದು ಫಲವಿಲ್ಲ. ಸಿಇಟಿಯ ಅರ್ಧ ಅಂಕ, ಪಿಯುಸಿಯ ಅರ್ಧ ಅಂಕ ಸೇರಿಸಿ ರ್‍ಯಾಂಕ್ ಕೊಡುವಾಗ ಹಾಡಿಗೆ ಕೊಟ್ಟ ಒಂದೊಂದು ಗಂಟೆಯೂ ನಷ್ಟದ ಲೆಕ್ಕಕ್ಕೇ ಹೋಗುತ್ತದೆ.

ಒಂದು ಆಕ್ಷೇಪ ನ್ಯಾಯವಾದದ್ದು. ಇಂಥ ಕೋಟಾ ತಂದರೆ ಬೆಂಗಳೂರಿನಲ್ಲಿ ದುಡ್ಡು ಕೊಟ್ಟು ಪಾಠ ಹೇಳಿಸುವವರ ಮಕ್ಕಳೇ ಬಾಚಿಕೊಳ್ಳುತ್ತಾರೆ, ಸರ್ಟಿಫಿಕೇಟಿನ ಅಂಗಡಿಗಳು ಏಳುತ್ತವೆ ಎಂಬುದು. ಖಂಡಿತ ಏಳುತ್ತವೆ! ಅದಕ್ಕೇ ಕಾಗದ ನಂಬದೆ ಎದುರಿಗೆ ಕೂರಿಸಿ ಹಾಡಿಸಬೇಕು. ಪಟ್ಟಿಯಲ್ಲಿ ಶಾಸ್ತ್ರೀಯದ ಪಕ್ಕದಲ್ಲೇ ತತ್ವಪದ, ವಚನ ಗಾಯನ, ಗೀಗೀಪದ, ಡೊಳ್ಳು, ಭಾಗವತಿಕೆ ಇರಬೇಕು. ರಾಯಚೂರಿನ ಹಳ್ಳಿಯಲ್ಲಿ ಅಜ್ಜನಿಂದ ಏಕತಾರಿ ಕಲಿತವನಿಗೆ ಯಾವ ಬೋರ್ಡಿನ ಸರ್ಟಿಫಿಕೇಟಿದೆ?

ವೈದ್ಯಕೀಯವನ್ನು ಸದ್ಯಕ್ಕೆ ಬಿಡಿ, ಅದು ನೀಟ್‌ನ ಕೈಯಲ್ಲಿದೆ. ಇಂಜಿನಿಯರಿಂಗ್, ಕೃಷಿ ವಿಜ್ಞಾನ ನಮ್ಮ ಕೈಯಲ್ಲೇ ಇವೆ. ಗ್ರಾಮೀಣ ಮಕ್ಕಳಿಗೆ ಶೇ. 15, ಕನ್ನಡ ಮಾಧ್ಯಮದವರಿಗೆ ಶೇ. 5 ಮೀಸಲಿಡಲು ಬಂದ ಸರ್ಕಾರಕ್ಕೆ ಸರ್ಕಾರಿ ಕಾಲೇಜುಗಳ ಪ್ರತಿ ಕೋರ್ಸಿನಲ್ಲಿ ಒಂದೇ ಒಂದು ಹೆಚ್ಚುವರಿ ಸೀಟು ಸೇರಿಸಲು ಬಾರದೇ? ಯಾರ ಪಾಲನ್ನೂ ಕಿತ್ತುಕೊಳ್ಳಬೇಕಾಗಿಲ್ಲ. ಮುಂದಿನ ಸಿಇಟಿ ಪುಸ್ತಿಕೆ ಅಚ್ಚಾಗುವ ಮುಂಚೆ ಉನ್ನತ ಶಿಕ್ಷಣ ಸಚಿವರಿಗೆ ಒಂದು ಕಾರ್ಡು ಬರೆಯಿರಿ. ನಿಮ್ಮೂರ ಸಂಗೀತದ ಮೇಷ್ಟರಿಂದಲೂ, ಭಜನಾ ಮಂಡಳಿಯವರಿಂದಲೂ ಬರೆಸಿ. ಕನ್ನಡದಲ್ಲೇ ಬರೆಯಿರಿ.